ಕೆಂಪು ಬಕೆಟ್ಟನ್ನು ಅಗಲಿದ ಚಿತ್ರಗುಪ್ತ

ಎಲ್ಲದಕ್ಕೂ ಮೂಲ ಒಂದು ಅಂಟಿನ ಡಬ್ಬಿ. ಭಾನುವಾರ ಮಧ್ಯಾಹ್ನ ಅದನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದರೆ ಸೋಮವಾರ ಬೆಳಿಗ್ಗೆ ಚಿತ್ರಗುಪ್ತ ಸಾಯುತ್ತಿರಲಿಲ್ಲ.

ಚಿತ್ರಗುಪ್ತ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದಿನಪತ್ರಿಕೆಯೊಂದರ ನಿಧನವಾರ್ತೆಯ ಮೇಜಿನಲ್ಲಿ ಹನ್ನೊಂದು ವರ್ಷ ಕೂತವನನ್ನು ಸಹೋದ್ಯೋಗಿಗಳು ಇನ್ನೇನೆಂದು ಕರೆದಾರು? ಯಾರಾದರೂ ತೀರಿಕೊಂಡರೆ ಮನೆಯವರು ಅವನಿಗೆ ಫೋನ್ ಮಾಡುತ್ತಾರೆ. ಅವನು "ಅಯ್ಯೋ ಪಾಪ" ಎಂದು ಹೇಳಿ ಹಳದಿ ಫಾರಂ ತೆಗೆಯುತ್ತಾನೆ. ವಯಸ್ಸು, ಕೆಲಸ, ಸ್ವಭಾವ, ಅಗಲಿದ್ದು ಯಾರನ್ನು ಎಂದೆಲ್ಲ ಒಂದೊಂದಾಗಿ ಕೇಳಿ, ದುಂಡು ಅಕ್ಷರದಲ್ಲಿ ತುಂಬಿ, ಮನೆಯವರು ಕಳಿಸಿದ ಫೋಟೊ ಅಂಟಿಸಿ, ಕೆಳಗೆ ಸಹಿ ಹಾಕುತ್ತಾನೆ.

ಆ ಪತ್ರಿಕೆಯಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಸತ್ತವರ ಬಗ್ಗೆ ಮನೆಯವರು ಹೇಳಿದ ಮಾತನ್ನು ಒಂದಕ್ಷರವೂ ಬದಲಿಸಕೂಡದು. ಹಿಂದೆ ಯಾವನೋ ಜಾಣ 'ಸಿಡುಕ' ಎಂದಿದ್ದ ಕಡೆ 'ಶಾಂತ ಸ್ವಭಾವದವರು' ಎಂದು ತಿದ್ದಿದ್ದಕ್ಕೆ, ಸತ್ತವನ ಹೆಂಡತಿ "ಇದು ಬೇರೆ ಯಾರದೋ ಗಂಡ, ನನ್ನ ಗಂಡ ಎಲ್ಲಿ?" ಎಂದು ಕಚೇರಿಗೇ ಬಂದು ಕೂತಿದ್ದಳಂತೆ. ಅಂದಿನಿಂದ ಬಂದ ಕಟ್ಟಳೆ ಅದು. ಚಿತ್ರಗುಪ್ತ ಅದನ್ನು ಒಮ್ಮೆಯೂ ಮುರಿದವನಲ್ಲ. ಹೀಗಾಗಿ ಅವನ ಸಹಿ ಇರುವ ಫಾರಮನ್ನು ಅಚ್ಚಿನ ಶೆಡ್ಡಿನಲ್ಲಿ ಯಾರೂ ಓದುವ ಗೋಜಿಗೆ ಹೋಗುತ್ತಿರಲಿಲ್ಲ. ಶೆಡ್ಡು ಊರ ಹೊರಗಿತ್ತು. ಅಲ್ಲಿಯವರು ಅವನ ಸಹಿಯನ್ನು ಕಂಡವರೇ ಹೊರತು ಮುಖವನ್ನಲ್ಲ.

ಸಾವನ್ನು ಬರೆಯುವ ಕೆಲಸ ಎಂಥದ್ದೆಂದು ಮಾಡಿದವನಿಗೇ ಗೊತ್ತು. ಹನ್ನೊಂದು ವರ್ಷದಲ್ಲಿ ಚಿತ್ರಗುಪ್ತನ ಭುಜ ಜೋತುಬಿದ್ದಿತ್ತು, ದನಿ ತಗ್ಗಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಮುದುಕರನ್ನು ಕಂಡರೆ ಇವರಿಗೆ ಎಷ್ಟು ಸಾಲು ಬೇಕಾದೀತು ಎಂದು ಮನಸ್ಸು ತನ್ನಷ್ಟಕ್ಕೆ ಅಳೆಯುತ್ತಿತ್ತು. ನಗುವಾಗಲೂ ಅವನ ಮುಖ ಈಗತಾನೇ ಯಾರನ್ನೋ ಮಣ್ಣು ಮಾಡಿ ಬಂದವನ ಹಾಗೆ ಇರುತ್ತಿತ್ತು. ಕನ್ನಡಿಯಲ್ಲಿ ಆ ಮುಖ ನೋಡಿ ನೋಡಿ ಅವನಿಗೇ ಸಾಕಾಗಿತ್ತು.

ಆದ್ದರಿಂದಲೇ 'ಪುಟಾಣಿ ಮಾತು' ಅಂಕಣ ಖಾಲಿಯಾದ ಸುದ್ದಿಯನ್ನು ಅವನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ಚಿಕ್ಕ ಮಕ್ಕಳು ಮನೆಯಲ್ಲಿ ಆಡುವ ತಮಾಷೆಯ ಮಾತುಗಳನ್ನು ವಾರಕ್ಕೊಮ್ಮೆ ಬರೆಯುವ ಅಂಕಣ ಅದು. ಬರೆಯುತ್ತಿದ್ದ ಹಿರಿಯರು ನಿವೃತ್ತರಾಗಿದ್ದರು. ಬೇಕಾದವರು ಅರ್ಜಿ, ಒಂದು ಫೋಟೊ, ಒಂದೇ ಒಂದು ಮಾದರಿ ಕಳಿಸಬೇಕು. ಸೋಮವಾರ ಮೂರು ಗಂಟೆಗೆ ಸಂಪಾದಕಿ ತೀರ್ಮಾನ ಹೇಳುತ್ತಾರೆ. ಸಿಕ್ಕರೆ ಚಿತ್ರಗುಪ್ತ ಸಾವಿನ ಮೇಜಿನಿಂದ ಎದ್ದು ಕಿಟಕಿಯ ಪಕ್ಕಕ್ಕೆ ಹೋಗಬಹುದು. ಸಿಗದಿದ್ದರೆ ಅಲ್ಲೇ ತಲೆ ನರೆಯಬೇಕು.

ಅವನಲ್ಲಿ ಸರಕಿಗೆ ಬರವಿರಲಿಲ್ಲ. ನಾಲ್ಕೂವರೆ ವರ್ಷದ ಮಗಳಿದ್ದಳು. ಒಂದು ಕಡೆ ನಿಲ್ಲದವಳಾದ್ದರಿಂದ ಬುಗುರಿ ಎಂದು ಅಡ್ಡಹೆಸರು. ಅಜ್ಜಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದ್ದಾಳೆಂದು ಕಂಡುಹಿಡಿದು, ತನ್ನ ಕೆಂಪು ಬಕೆಟ್ಟಿನಿಂದ ದಿನಾ ಬೆಳಿಗ್ಗೆ ಅಜ್ಜಿಯ ಪಾದಕ್ಕೆ ನೀರು ಹಾಕುತ್ತಿದ್ದಳು. ಅಪ್ಪ ಕೆಲಸಕ್ಕೆ ಹೋಗದಿರಲೆಂದು ಅವನ ಒಂದು ಚಪ್ಪಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದು, "ಎರಡೂ ಬಚ್ಚಿಟ್ರೆ ಕಳ್ಳತನ, ಒಂದೇ ಬಚ್ಚಿಟ್ರೆ ಆಟ" ಎಂದು ವಾದಿಸಿದ್ದಳು. ಇದನ್ನೆಲ್ಲ ಅವನು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನ ಪದಬಂಧದವನಿಗೂ ಹೇಳುತ್ತಿದ್ದ. ಪದಬಂಧದವನು ಒಂಟಿ ಜೀವ. ಯಾವುದಕ್ಕೂ ನಗುತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಚೌಕಗಳ ಪಕ್ಕದಲ್ಲಿ ಏನನ್ನೋ ಗೀಚಿಕೊಳ್ಳುತ್ತಿದ್ದ.

ಭಾನುವಾರ ಕಚೇರಿಗೆ ರಜೆ, ಸಾವಿಗೆ ಇಲ್ಲ. ಆ ದಿನದ ಫಾರಂಗಳನ್ನು ಚಿತ್ರಗುಪ್ತ ಮನೆಯಲ್ಲೇ ತುಂಬಿ, ಸಂಜೆ ಐದಕ್ಕೆ ಬರುವ ಪತ್ರಿಕೆಯ ವ್ಯಾನಿಗೆ ಕಂದು ಲಕೋಟೆಯಲ್ಲಿ ಕೊಡಬೇಕು. ಆ ಭಾನುವಾರ ನಾಲ್ವರು ತೀರಿಕೊಂಡಿದ್ದರು. ನಾಲ್ಕನೆಯದನ್ನು ಬರೆದು ಮುಗಿಸುವುದನ್ನೇ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದ ಬುಗುರಿ, "ಅಪ್ಪಾ, ನಿಂದೂ ಒಂದು ಬರಿ" ಎಂದಳು.

"ನಾನಿನ್ನೂ ಸತ್ತಿಲ್ವಲ್ಲ ಮರಿ."

"ಪರವಾಗಿಲ್ಲ. ಆಮೇಲೆ ನಿಂಗೆ ಟೈಮ್ ಇರಲ್ಲ."

ಚಿತ್ರಗುಪ್ತ ನೆಟ್ಟಗೆ ಕೂತ. ಮಾದರಿ ಎಂದರೆ ಇದೇ! ಹೊಸ ಹಳದಿ ಫಾರಂ ತೆಗೆದು, ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಕೈ ಅಭ್ಯಾಸದಂತೆ ಕೆಳಗೆ ಸಹಿಯನ್ನೂ ಹಾಕಿತು. ಮನೆಯವರು ಎದುರಿಗೇ ಇರುವಾಗ ಅವರ ಸಹಿಯೂ ಇರಲಿ ಎಂದ. ಬುಗುರಿ ಒಂದು ಬಸವನಹುಳು ಬರೆದಳು. ಅಜ್ಜಿ ಕನ್ನಡಕ ಹುಡುಕಲು ಬೇಸರವಾಗಿ ಹಾಗೇ ಸಹಿ ಮಾಡಿದಳು. ಅದನ್ನು ಅರ್ಜಿಯ ಜೊತೆ ಬಿಳಿ ಲಕೋಟೆಯಲ್ಲಿಟ್ಟು ಸಂಪಾದಕಿಯ ವಿಳಾಸ ಬರೆಯುವ ಹೊತ್ತಿಗೆ ಹೊರಗೆ ವ್ಯಾನು ಹಾರನ್ ಹೊಡೆಯಿತು.

"ನಾನು ಅಂಟಿಸ್ತೀನಿ, ನಾನು ಅಂಟಿಸ್ತೀನಿ" ಎಂದು ಬುಗುರಿ ಅಂಟಿನ ಡಬ್ಬಿಯನ್ನು ತಬ್ಬಿಕೊಂಡು ಕುಣಿದಳು.

"ಕಂದು ಕವರಲ್ಲಿ ನಾಲ್ಕೇ ಇರ್ಬೇಕು, ನೋಡ್ಕೋ" ಎಂದು ಹೇಳಿ ಚಿತ್ರಗುಪ್ತ ಚಪ್ಪಲಿ ಹುಡುಕಲು ಹೋದ. ಒಂದು ಬಾಗಿಲ ಬಳಿ ಇತ್ತು, ಇನ್ನೊಂದು ಅಕ್ಕಿ ಡಬ್ಬಿಯಲ್ಲಿತ್ತು. ಅದು ಸಿಗುವ ಹೊತ್ತಿಗೆ ಅಂಟಿ ಕೂತಿದ್ದ ಎರಡೂ ಲಕೋಟೆಗಳನ್ನು ಹಾಗೇ ವ್ಯಾನಿಗೆ ಕೊಟ್ಟ.

ಸೋಮವಾರ ಬೆಳಿಗ್ಗೆ ಆರಕ್ಕೇ ಅವನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದ ಕೆಲಸಕ್ಕೆ ಹೊರಟುಹೋದಳು. ಏಳಕ್ಕೆ ಬಾಗಿಲು ಬಡಿದ ಸದ್ದಾಯಿತು. ಚಿತ್ರಗುಪ್ತ ಬಚ್ಚಲಲ್ಲಿದ್ದ. ಅಜ್ಜಿ ಪಾದಕ್ಕೆ ನೀರು ಹಾಕಿಸಿಕೊಂಡು ಒರೆಸಿಕೊಳ್ಳುತ್ತಿದ್ದಳು. ಬುಗುರಿಯೇ ಬಾಗಿಲು ತೆಗೆದಳು. ಎದುರುಮನೆಯ ಟೈಲರಮ್ಮ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದಳು. ತೋಳಿನ ಮೇಲೆ ಚಿತ್ರಗುಪ್ತನ ಹೊಸ ಪ್ಯಾಂಟು.

"ಅಪ್ಪನ್ನ ಎಲ್ಲಿ ಮಲಗ್ಸಿದ್ದಾರೆ ಕಂದಾ?"

"ಬಚ್ಚಲಲ್ಲಿದ್ದಾನೆ."

"ಅಯ್ಯೋ! ಬಚ್ಚಲಲ್ಲಾ?"

"ಹೂಂ. ಹಾಡು ಹೇಳ್ತಿದ್ದಾನೆ."

ಅಷ್ಟರಲ್ಲಿ ಟವೆಲು ಸುತ್ತಿಕೊಂಡು ಚಿತ್ರಗುಪ್ತ ಹೊರಬಂದ. ಟೈಲರಮ್ಮ ಕೂಗಿದ ಕೂಗಿಗೆ ಬೀದಿಯ ಮೂರು ಕಿಟಕಿಗಳು ತೆರೆದುಕೊಂಡವು. ಅವಳು ಚೇತರಿಸಿಕೊಂಡು, ಅವನ ಕೈ ಮುಟ್ಟಿ ಬೆಚ್ಚಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ಬಂದದ್ದು ಬೇಸರದ ಮಾತು.

"ಏನಣ್ಣಾ ನೀವು! ಕೊನೇ ಸಲ ಹೊಸದು ಹಾಕ್ಲಿ ಅಂತ ಪ್ಯಾಂಟು ತಂದಿದ್ದೆ. ಒಂದು ಕಾಲು ಮಡಿಸಿ ಹೊಲಿದಿದ್ದೆ, ಅಷ್ಟರಲ್ಲಿ ಪೇಪರ್ ಬಂತು. ಮಲಗಿರೋರಿಗೆ ಒಂದು ಕಾಲು ಉದ್ದ ಇದ್ರೆ ಯಾರು ನೋಡ್ತಾರೆ ಅಂತ ಇನ್ನೊಂದನ್ನ ಹಾಗೇ ಬಿಟ್ಟೆ."

"ಪೇಪರಲ್ಲಿ ಏನು ಬಂತು?" ಎಂದು ಚಿತ್ರಗುಪ್ತ ಕೇಳಿದ.

ಉತ್ತರ ಮೆಟ್ಟಿಲ ಮೇಲಿಂದ ಬಂತು. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರರು ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಕೆಂಪು ಪೆನ್ನು ಹಿಡಿದು ಇಳಿಯುತ್ತಿದ್ದರು. ಅವರು ಪತ್ರಿಕೆಯನ್ನು ಓದುತ್ತಿರಲಿಲ್ಲ, ತಿದ್ದುತ್ತಿದ್ದರು. ಚಿತ್ರಗುಪ್ತನನ್ನು ಕಂಡು ಅವರು ಬೆಚ್ಚಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಅಂಗಳದಲ್ಲಿ ನಿಂತೇ ಗಟ್ಟಿಯಾಗಿ ಓದಿದರು.

"'ನಮ್ಮಪ್ಪ. ವಯಸ್ಸು ನೂರು. ಕೆಲಸ, ಫೋನಲ್ಲಿ ಅಯ್ಯೋ ಪಾಪ ಅನ್ನೋದು. ಒಳ್ಳೆಯವನು. ಕುಂಬಳಕಾಯಿ ಸೇರಲ್ಲ, ಅಮ್ಮ ಆ ಕಡೆ ತಿರುಗಿದಾಗ ನನ್ನ ತಟ್ಟೆಗೆ ಹಾಕ್ತಾನೆ. ಕತೆ ಹೇಳ್ತಾ ಹೇಳ್ತಾ ಅವನೇ ಮೊದಲು ನಿದ್ದೆ ಹೋಗ್ತಾನೆ, ಆಗ ನಾನು ಅವನಿಗೆ ಹೊದಿಸ್ತೀನಿ. ಅವನ ಹೆಗಲ ಮೇಲೆ ಕೂತ್ರೆ ಎಲ್ಲಾ ಕಾಣುತ್ತೆ. ನನ್ನನ್ನು, ಅಜ್ಜಿಯನ್ನು ಮತ್ತು ನನ್ನ ಕೆಂಪು ಬಕೆಟ್ಟನ್ನು ಅಗಲಿದ್ದಾನೆ. ಅವನು ವಾಪಸ್ ಬಂದ್ರೆ ಯಾರೂ ಬೈಬಾರದು.'"

ಪಕ್ಕದಲ್ಲಿ ಚಿತ್ರಗುಪ್ತನ ಫೋಟೊ ಇತ್ತು. ಅರ್ಜಿಗೆಂದು ತೆಗೆಸಿದ್ದು.

"ನಾನು ಹೇಳಿದ್ದು! ಅದು ನಾನು ಹೇಳಿದ್ದು!" ಎಂದು ಬುಗುರಿ ಚಪ್ಪಾಳೆ ತಟ್ಟಿದಳು. "ಎಲ್ಲರ್ದಕ್ಕೂ ಫೋಟೊ ಇತ್ತು, ನಿಂದಕ್ಕೆ ಇರ್ಲಿಲ್ಲ. ನಾನೇ ಅಂಟಿಸ್ದೆ. ಫೋಟೊ ಇರೋದೆಲ್ಲ ಕಂದು ಕವರಿಗೆ."

ಚಿತ್ರಗುಪ್ತ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಹನ್ನೊಂದು ವರ್ಷದ ದಾಖಲೆಯಲ್ಲಿ ಒಂದು ತಪ್ಪಿರಲಿಲ್ಲ. ಈಗ ಇದು, ಅದೂ ಇವತ್ತೇ.

"ಬರವಣಿಗೆ ಆಡುಮಾತಿನಲ್ಲಿದೆ," ಎಂದರು ಹೆಡ್‌ಮಾಸ್ತರರು, "ಒಂದೆರಡು ಕಡೆ ವಿರಾಮಚಿಹ್ನೆ ತಪ್ಪಿದೆ. ಆದ್ರೆ ಮನುಷ್ಯ ಒಳ್ಳೆಯವನಿದ್ದ ಅಂತ ಅನ್ಸುತ್ತೆ."

"ಇದ್ದೀನಿ ಸಾರ್!"

"ಅದೇ, ಅದೇ. ಆದ್ರೂ ಅಚ್ಚಾಗಿದೆಯಲ್ಲಪ್ಪಾ" ಎಂದು ಅವರು ಪತ್ರಿಕೆಯನ್ನೂ ಅವನನ್ನೂ ಒಂದೊಂದು ಸಲ ನೋಡಿದರು. ಅವರ ಒಲವು ಪತ್ರಿಕೆಯ ಕಡೆಗೇ ಇತ್ತು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಚಿತ್ರಗುಪ್ತ ಗಾಬರಿಯಿಂದ, "ನೋಡು, ಹೆದರ್ಬೇಡ, ನಾನು ಬದುಕಿದ್ದೀನಿ" ಎಂದ.

"ಗೊತ್ತು ರೀ. ಬೆಳಿಗ್ಗೆ ಹೊರಡುವಾಗ ಗೊರಕೆ ಹೊಡೀತಿದ್ರಿ," ಎಂದಳು ಅವಳು. ದನಿ ತಣ್ಣಗಿತ್ತು. "ಮಗಳನ್ನ ಅಗಲಿದ್ರಿ, ಅಜ್ಜಿನ ಅಗಲಿದ್ರಿ, ಬಕೆಟ್ಟನ್ನೂ ಅಗಲಿದ್ರಿ. ನಾನೆಲ್ಲಿ?"

"ಅದು ಮಗು ಹೇಳಿದ್ದು ಕಣೇ..."

"ಬರ್ದಿದ್ದು ನಿಮ್ಮ ಕೈ ತಾನೇ? ಒಂಬತ್ತು ವರ್ಷ ಸಂಸಾರ ಮಾಡಿ ಪ್ಲಾಸ್ಟಿಕ್ ಬಕೆಟ್ಟಿಗಿಂತ ಕಡೆ ಆದೆ. ಇಲ್ಲಿ ಎಲ್ಲರೂ ಕೇಳ್ತಿದ್ದಾರೆ, ನಿಮ್ಮಿಬ್ಬರಿಗೆ ಆಗಿಬರ್ತಿರ್ಲಿಲ್ವಾ ಅಂತ."

ಫೋನು ಇಟ್ಟಳು. ಚಿತ್ರಗುಪ್ತ ಮಗಳ ಕಡೆ ತಿರುಗಿದ. "ಅಮ್ಮನ್ನ ಯಾಕೆ ಹೇಳ್ಲಿಲ್ಲ ಮರಿ?"

"ಕುಂಬಳಕಾಯಿ ಮಾಡಿದ್ಲಲ್ಲ" ಎಂದಳು ಬುಗುರಿ.

ಹೆಡ್‌ಮಾಸ್ತರರು ಕೈಕಟ್ಟಿ ಕೂರುವ ಜಾಯಮಾನದವರಲ್ಲ. ಎಂಟಕ್ಕೆಲ್ಲ ಅಂಗಳದಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿದ್ದರು. ಹೇಳಿ ಕಳಿಸಿದ್ದಾಗಿದೆ, ಜನ ಬಂದು ನಿಂತುಕೊಂಡರೆ ಚೆನ್ನಾಗಿರುವುದಿಲ್ಲ ಎಂಬುದು ಅವರ ವಾದ. ಬಂದವರು ಆರು ಜನ. ಹಾಲಿನವನು, ಪಕ್ಕದ ಬೀದಿಯ ಕ್ಷೌರಿಕ, ವಿಳಾಸ ತಪ್ಪಿ ಬಂದ ಒಬ್ಬ, ಮತ್ತೆ ಮೂವರು ಹೆಡ್‌ಮಾಸ್ತರರ ಹಳೆಯ ಶಿಷ್ಯರು. ಸತ್ತವನೇ ಬಂದು "ಬನ್ನಿ, ಕೂತ್ಕೊಳ್ಳಿ" ಎಂದಾಗ ಒಬ್ಬನೂ ಸಂತೋಷಪಡಲಿಲ್ಲ. ಬಂದ ಕೆಲಸ ಕೆಟ್ಟಿತೆಂಬಂತೆ ಸ್ವಲ್ಪ ಹೊತ್ತು ಕೂತು, ಗಡಿಯಾರ ನೋಡಿ ಎದ್ದುಹೋದರು. ಬುಗುರಿ ಮಾತ್ರ ಒಬ್ಬೊಬ್ಬರ ಮುಖವನ್ನೂ ಬಗ್ಗಿ ನೋಡಿ, "ನೀವು ಅತ್ತೇ ಇಲ್ಲ. ಒಂದ್ಸಲ ಅಳಿ, ಆಮೇಲೆ ಹೋಗಿ" ಎಂದು ಒತ್ತಾಯಿಸಿದಳು. ಕ್ಷೌರಿಕ ಅವಳ ಕಾಟಕ್ಕೆ ಕಣ್ಣುಜ್ಜಿಕೊಂಡ.

ಹದಿನಾಲ್ಕು ಕುರ್ಚಿ ಖಾಲಿ ಉಳಿದವು. ಚಿತ್ರಗುಪ್ತ ಅವುಗಳನ್ನು ಎಣಿಸಿದ. ಎಣಿಸಬಾರದಿತ್ತು. ಇಷ್ಟು ಜನರ ಸಾವನ್ನು ಊರಿಗೆಲ್ಲ ತಿಳಿಸಿದವನ ಸಾವಿಗೆ ಹಾಲಿನವನು ಬಂದಿದ್ದ, ಅವನೂ ನಾಳೆಯಿಂದ ಅರ್ಧ ಲೀಟರ್ ಕಡಿಮೆ ಹಾಕಲೇ ಎಂದು ಕೇಳಲು. ಮೂರು ಗಂಟೆಯ ಆಸೆಯೊಂದು ಇಲ್ಲದಿದ್ದರೆ ಅವನು ಅವತ್ತು ಮತ್ತೆ ಮಲಗಿಬಿಡುತ್ತಿದ್ದ.

ಬೇರೆ ಒಳ್ಳೆಯ ಪ್ಯಾಂಟು ಇರಲಿಲ್ಲ. ಒಂದು ಕಾಲು ಸರಿ, ಇನ್ನೊಂದು ನೆಲ ಗುಡಿಸುವ ಪ್ಯಾಂಟನ್ನೇ ಹಾಕಿಕೊಂಡು, ಉದ್ದದ ಕಾಲನ್ನು ಒಳಗೆ ಮಡಚಿ ಗುಂಡುಪಿನ್ನು ಚುಚ್ಚಿ ಹೊರಟ. ಬಸ್ಸಿನಲ್ಲಿ ಕುಳಿತವರ ಕೈಯಲ್ಲೆಲ್ಲ ಪತ್ರಿಕೆ. ಎದುರು ಕೂತ ಹೆಂಗಸೊಬ್ಬಳು ನಿಧನವಾರ್ತೆಯ ಆರನೇ ಪುಟ ಓದಿ ಮೂಗು ಒರೆಸಿಕೊಂಡಳು. ತಲೆಯೆತ್ತಿ ಅವನನ್ನು ನೋಡಿದಳು, ಮತ್ತೆ ಫೋಟೊ ನೋಡಿದಳು, ಮುಂದಿನ ನಿಲ್ದಾಣದಲ್ಲಿ ಇಳಿದೇಬಿಟ್ಟಳು. ಅದು ಅವಳ ನಿಲ್ದಾಣವಾಗಿರಲಿಲ್ಲವೆಂದು ಕಾಣುತ್ತದೆ, ಇಳಿದ ಮೇಲೆ ದಿಕ್ಕು ತೋಚದೆ ನಿಂತಿದ್ದಳು.

ಕಚೇರಿಗೆ ಅವನು ಕಾಲಿಟ್ಟದ್ದು ಹನ್ನೊಂದಕ್ಕೆ ಸರಿಯಾಗಿ. ಎಲ್ಲರೂ ತಂತಮ್ಮ ಮೇಜಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಎರಡು ನಿಮಿಷದ ಮೌನ. ಮೌನಕ್ಕೆ ನಿಂತಾಗ ಮಾತಾಡಕೂಡದು, ಅಲುಗಾಡಕೂಡದು. ಯಾರಿಗಾಗಿ ಎಂದು ಕೇಳುವುದಕ್ಕೂ ದಾರಿಯಿಲ್ಲದೆ ಚಿತ್ರಗುಪ್ತನೂ ಬಾಗಿಲ ಬಳಿ ತಲೆ ತಗ್ಗಿಸಿ ನಿಂತ. ಒಂದು ನಿಮಿಷ ಕಳೆದ ಮೇಲೆ, ಅದು ತನಗಾಗಿ ಎಂದು ಹೊಳೆಯಿತು. ನಿಂತಿದ್ದವನು ನಿಂತೇ ಇದ್ದ. ಪೂರ್ತಿ ಮಾಡಿದರೇ ಮರ್ಯಾದೆ.

ಮೌನ ಮುಗಿದು ತಲೆಯೆತ್ತಿದ ಪದಬಂಧದವನು ಕಿಟ್ಟನೆ ಚೀರಿದ. ಅವನು ನಿಂತದ್ದು ಚಿತ್ರಗುಪ್ತನ ಮೇಜಿನ ಬಳಿ, ಕೈ ಚಿತ್ರಗುಪ್ತನ ಕುರ್ಚಿಯ ಬೆನ್ನಿನ ಮೇಲಿತ್ತು. ಆ ಕುರ್ಚಿಗೆ ಒಳ್ಳೆಯ ಮೆತ್ತೆಯಿತ್ತು.

"ಕುರ್ಚಿ ಯಾರಾದ್ರೂ ಎತ್ಕೊಂಡು ಹೋಗ್ತಾರೇನೋ ಅಂತ ಕಾಯ್ತಿದ್ದೆ" ಎಂದ ಅವನು, ಬಣ್ಣ ಇಳಿದ ಮುಖದಲ್ಲಿ.

ಎಲ್ಲರೂ ಸುತ್ತ ಸೇರಿ ನಕ್ಕರು, ಬೆನ್ನು ತಟ್ಟಿದರು, ಹತ್ತು ನಿಮಿಷದಲ್ಲಿ ಚದುರಿದರು. ಅವನ ಅಂತ್ಯಕ್ರಿಯೆಗೆಂದು ತರಿಸಿದ್ದ ಹೂವಿನ ಹಾರವೊಂದು ಮೇಜಿನ ಮೇಲೆ ಉಳಿಯಿತು. ಹೂವಿನಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಅದನ್ನು ಪಕ್ಕಕ್ಕೆ ಸರಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ನಮ್ಮ ತಂದೆದು ಇವತ್ತು ಬರ್ಬೇಕಿತ್ತು ಸಾರ್," ಎಂದಿತು ಗಂಡಸಿನ ದನಿ. "ರೈಲ್ವೆ ಗಾರ್ಡ್ ಆಗಿದ್ರು. ನಿನ್ನೆ ನೀವೇ ಬರ್ಕೊಂಡ್ರಿ. ಪೇಪರಲ್ಲಿ ಇಲ್ಲ."

"ಅಯ್ಯೋ ಪಾಪ" ಎಂದ ಚಿತ್ರಗುಪ್ತ. ಗಾರ್ಡಿನ ಫಾರಂ ಚೆನ್ನಾಗಿ ನೆನಪಿತ್ತು. "ಜಾಗ ಸಾಕಾಗಿರ್ಲಿಕ್ಕಿಲ್ಲ, ವಿಚಾರಿಸ್ತೀನಿ" ಎಂದು ಇಟ್ಟ. ಅವನ ತಲೆ ಆಗ ಗಾರ್ಡಿನ ಕಡೆ ಇರಲಿಲ್ಲ. ಬುಗುರಿಯ ಮಾದರಿ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದರೆ, ಸಂಪಾದಕಿಗೆ ಹೋದ ಬಿಳಿ ಲಕೋಟೆಯಲ್ಲಿ ಅರ್ಜಿಯೊಂದೇ ಇರಬೇಕು. ಮಾದರಿ ಇಲ್ಲ. ಇರಲಿ, ಆರನೇ ಪುಟವನ್ನೇ ತೋರಿಸಿ ಇದೇ ನನ್ನ ಮಾದರಿ ಎಂದು ಹೇಳಿದರಾಯಿತು. ಹಾಗೆ ಯೋಚಿಸಿದಾಗ ಕತ್ತಲಲ್ಲಿ ಒಂದು ಬಾಗಿಲು ಸ್ವಲ್ಪ ತೆರೆದಂತಾಯಿತು.

ಮೂರು ಗಂಟೆಗೆ ಸಂಪಾದಕಿಯ ಕೋಣೆಗೆ ಹೋದ. ಗುಂಡುಪಿನ್ನು ಎಲ್ಲೋ ಬಿದ್ದುಹೋಗಿತ್ತು. ಉದ್ದದ ಕಾಲು ಅವನ ಹಿಂದೆಯೇ ಬಂತು.

"ಕೂತ್ಕೊಳ್ಳಿ. ಬದುಕಿದ್ದೀರಿ, ಸಂತೋಷ," ಎಂದರು ಸಂಪಾದಕಿ. ಅವರು ವ್ಯರ್ಥ ಮಾತಿನವರಲ್ಲ. "ನೀವು ಕಳ್ಸಿದ ಹಾಸ್ಯದ ಮಾದರಿ ಓದಿದೆ. ಎರಡು ಸಲ ಓದಿದೆ. ನನಗೆ ನಗು ಬರ್ಲಿಲ್ಲ."

"ಮಾದರಿ... ಅದರಲ್ಲಿತ್ತಾ ಮೇಡಂ?"

ಅವರು ಮೇಜಿನ ಮೇಲಿಂದ ಹಳದಿ ಫಾರಮೊಂದನ್ನು ಎತ್ತಿ ಓದಿದರು. "'ನಿವೃತ್ತ ರೈಲ್ವೆ ಗಾರ್ಡ್. ಎಂಬತ್ತೆರಡು ವರ್ಷ. ಮಿತಭಾಷಿ. ಬಹುಕಾಲದ ಅನಾರೋಗ್ಯ. ಇಬ್ಬರು ಪುತ್ರರನ್ನು ಅಗಲಿದ್ದಾರೆ.' ಇದರಲ್ಲಿ ಪುಟಾಣಿ ಯಾರು? ನಗೋದು ಎಲ್ಲಿ? ಮಿತಭಾಷಿ ಅನ್ನೋ ಕಡೆಯಾ?"

ಚಿತ್ರಗುಪ್ತನಿಗೆ ನಿನ್ನೆ ಸಂಜೆಯ ಅಂಟಿನ ಡಬ್ಬಿ ಕಣ್ಣ ಮುಂದೆ ಬಂತು. ಕಂದು ಕವರಲ್ಲಿ ನಾಲ್ಕೇ ಇರಬೇಕು ಎಂದು ತಾನೇ ಹೇಳಿದ್ದ. ಅಪ್ಪನನ್ನು ಹಾಕಿದರೆ ಐದಾಗುತ್ತದೆ. ಬುಗುರಿಗೆ ನಾಲ್ಕರವರೆಗೆ ಎಣಿಸಲು ಚೆನ್ನಾಗಿ ಬರುತ್ತಿತ್ತು. ಒಂದು ತೆಗೆದು ಬಿಳಿ ಕವರಿಗೆ ಹಾಕಿದ್ದಾಳೆ.

"ಮೇಡಂ, ಅದು ಅದಲುಬದಲಾಗಿದೆ. ನನ್ನ ಮಾದರಿ ಆರನೇ ಪುಟದಲ್ಲಿ ಬಂದಿರೋದು. ಲಕೋಟೆ ಅಂಟಿಸಿದ್ದು ನನ್ನ ಮಗಳು, ನಾಲ್ಕೂವರೆ ವರ್ಷ..."

"ಅಂದ್ರೆ, ಸತ್ತವರ ಕಾಗದಗಳನ್ನ ಮಗು ಕೈಗೆ ಕೊಟ್ಟು ನೀವು ಆಚೆ ಹೋಗಿದ್ರಿ."

"ಚಪ್ಪಲಿ ಹುಡುಕೋಕೆ..." ಎಂದ ಚಿತ್ರಗುಪ್ತ.

ಬೈಗುಳಕ್ಕೆ ಅವನು ಭುಜ ಕುಗ್ಗಿಸಿಕೊಂಡ. ಸಂಪಾದಕಿ ಬೈಯಲಿಲ್ಲ. ಆರನೇ ಪುಟವನ್ನು ಮುಂದಕ್ಕೆಳೆದುಕೊಂಡರು. ದನಿ ಬದಲಾಗಿತ್ತು.

"ಇದನ್ನ ಓದಿ ನಾನು ಬೆಳಿಗ್ಗೆ ಅತ್ತೆ ಕಣ್ರೀ. ಕಾಫಿ ಆರಿಹೋಯ್ತು. ಬೆಳಿಗ್ಗೆಯಿಂದ ನಲವತ್ತೊಂದು ಜನ ಫೋನ್ ಮಾಡಿದ್ದಾರೆ. ನಮ್ಮಮ್ಮಂದೂ ಹೀಗೇ ಬರೀರಿ, ನಮ್ಮ ಯಜಮಾನ್ರದೂ ಹೀಗೇ ಬರೀರಿ ಅಂತ. ಒಬ್ಬ ಮುದುಕರು ತಮ್ಮದನ್ನ ಈಗ್ಲೇ ಬರೆದಿಟ್ಬಿಡಿ ಅಂತಾರೆ. ಹನ್ನೊಂದು ವರ್ಷದಿಂದ ಈ ಪತ್ರಿಕೆಯಲ್ಲಿ ಸತ್ತವರೆಲ್ಲ ಮಿತಭಾಷಿಗಳಾಗೇ ಸತ್ತಿದ್ದಾರೆ. ಮೊದಲ್ನೇ ಸಲ ಒಬ್ಬ ಮನುಷ್ಯ ಸತ್ತ ಹಾಗಿತ್ತು."

ಹೊಗಳಿಕೆಯಿರಬಹುದೆಂದು ಚಿತ್ರಗುಪ್ತನಿಗೆ ಅನುಮಾನ ಬಂತು. "ಹಾಗಾದ್ರೆ ಅಂಕಣ..."

"ಅಂಕಣ ಅಂದ್ರೆ ನಗಿಸ್ಬೇಕು. ನೀವು ನಗಿಸೋಕೆ ಕಳ್ಸಿದ್ದಕ್ಕೆ ನಗು ಬರ್ಲಿಲ್ಲ, ತಪ್ಪಿ ಅಚ್ಚಾಗಿದ್ದಕ್ಕೆ ಊರೆಲ್ಲ ಅತ್ತಿದೆ. ನಿಮ್ಮ ಜಾಗ ಯಾವುದು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ? ನಾಳೆಯಿಂದ ನಿಮಗೆ ಕಾಲು ಪುಟ ಅಲ್ಲ, ಅರ್ಧ ಪುಟ. ಫೋನಲ್ಲಿ ಬರ್ಕೊಳ್ಳೋದು ಬೇಡ. ಸತ್ತವರ ಮನೆಗೇ ಹೋಗಿ, ಮಕ್ಕಳನ್ನ ಕೂರಿಸಿಕೊಂಡು ಕೇಳಿ ಬರೀರಿ."

ಇಷ್ಟು ದಿನ ಫೋನಿನ ಆ ತುದಿಯಲ್ಲಿದ್ದ ಸಾವು ಈಗ ಮನೆಮನೆಗೆ ಕರೆಯಿತು. ಚಿತ್ರಗುಪ್ತ, "ಅಂಕಣ ಯಾರಿಗೆ ಮೇಡಂ?" ಎಂದು ಕೇಳಿದ.

"ಪದಬಂಧದವರಿಗೆ. ಏನು ಮಾದರಿ ರೀ ಅದು!" ಎಂದು ಸಂಪಾದಕಿ ಆ ದಿನ ಮೊದಲ ಬಾರಿಗೆ ನಕ್ಕರು. "ಅಜ್ಜಿ ಗಿಡ್ಡ ಆಗ್ತಿದ್ದಾಳೆ ಅಂತ ಒಂದು ಮಗು ದಿನಾ ಪಾದಕ್ಕೆ ನೀರು ಹಾಕುತ್ತಂತೆ, ಬಕೆಟ್ಟಲ್ಲಿ!"

"ಅದು ನನ್ನ ಮಗಳು! ನಮ್ಮನೆ ಅಜ್ಜಿ! ಊಟದ ಹೊತ್ತಲ್ಲಿ ನಾನೇ ಅವನಿಗೆ..."

"ಎಲ್ಲ ಅಪ್ಪಂದಿರೂ ಇದನ್ನೇ ಹೇಳ್ತಾರೆ, ನಮ್ಮನೇ ಮಗು ಥರಾನೇ ಇದೆ ಅಂತ. ಅಂಕಣ ಗೆಲ್ಲೋದೇ ಅದಕ್ಕೆ."

"ಮೇಡಂ, ಅವನಿಗೆ ಮಕ್ಕಳೇ ಇಲ್ಲ!"

"ಅದಕ್ಕೇ ಬರೆಯೋಕೆ ಪುರುಸೊತ್ತಿದೆ" ಎಂದು ಅವರು ಗಾರ್ಡಿನ ಫಾರಮನ್ನು ಅವನ ಕೈಗಿಟ್ಟರು. "ಇದನ್ನ ನಾಳೆ ಹಾಕಿ, ಕ್ಷಮೆ ಕೇಳಿ. ನಿಮ್ಮದಕ್ಕೂ ಒಂದು ತಿದ್ದುಪಡಿ ಬೇಕು. ಇವತ್ತು ಮನೆಗೆ ಹೋಗಿಬಿಡಿ. ಐದಕ್ಕೆ ವ್ಯಾನು ಕಳಿಸ್ತೀನಿ."

ಬಸ್ಸಿನಲ್ಲಿ ಕೂತಾಗ ಒಂದೇ ಒಂದು ದಾರಿ ಹೊಳೆಯಿತು. ನೀಲಿ ನೋಟ್‌ಬುಕ್! ಎರಡು ವರ್ಷದ ತಾರೀಕು ಸಮೇತ ಎಲ್ಲವೂ ಅದರಲ್ಲಿದೆ. ಅಜ್ಜಿಯ ಪಾದ, ಅಕ್ಕಿ ಡಬ್ಬಿ, ಎಲ್ಲ. ಅದನ್ನು ಸಂಪಾದಕಿಯ ಮುಂದಿಟ್ಟರೆ ಪದಬಂಧದವನು ಬಾಯಿ ತೆರೆಯಲಾರ. ಚಿತ್ರಗುಪ್ತ ಒಂದು ಕೈಯಲ್ಲಿ ಉದ್ದದ ಕಾಲನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಹೂವಿನ ಹಾರ ಹಿಡಿದು, ನಿಲ್ದಾಣದಿಂದ ಮನೆಗೆ ಓಡಿದ.

ಬುಗುರಿ ನಡುಮನೆಯಲ್ಲಿ ಕೂತಿದ್ದಳು. ತೊಡೆಯ ಮೇಲೆ ನೀಲಿ ನೋಟ್‌ಬುಕ್, ಪಕ್ಕದಲ್ಲಿ ಖಾಲಿ ಅಂಟಿನ ಡಬ್ಬಿ.

"ಅಪ್ಪಾ, ನೋಡು. ನನ್ನ ಮಾತೆಲ್ಲ ಇದರಲ್ಲಿದೆ ಅಂದಿದ್ದೆಯಲ್ಲ? ಬಿದ್ದುಹೋಗ್ಬಾರ್ದು ಅಂತ ಎಲ್ಲಾ ಅಂಟಿಸ್ಬಿಟ್ಟೆ. ಇನ್ನು ಯಾರೂ ತೆಗೆಯೋಕಾಗಲ್ಲ."

ನೂರು ಪುಟ ಸೇರಿ ಒಂದೇ ಹಲಗೆಯಾಗಿತ್ತು. ಚಿತ್ರಗುಪ್ತ ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನೋಡಿದ. ಹರಿದ ಚೂರು ಕೈಗೆ ಬಂತು. ಅದರ ಮೇಲೆ 'ಅಜ್ಜಿ' ಎಂದು ಮಾತ್ರ ಇತ್ತು. ಅವನು ಅಲ್ಲೇ ನೆಲದ ಮೇಲೆ ಕೂತ. ಬೈಯಬೇಕೆಂದುಕೊಂಡ, ಬೈಗುಳ ಬರಲಿಲ್ಲ. ಅಳಬೇಕೆಂದುಕೊಂಡ, ಆ ಕೆಲಸವನ್ನು ಊರೇ ಬೆಳಿಗ್ಗೆ ಮುಗಿಸಿತ್ತು. ಅಂಗಳದಲ್ಲಿ ಕುರ್ಚಿಗಳು ಹಾಗೇ ಇದ್ದವು.

ಅಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದು ಅಡುಗೆಮನೆ ಸೇರಿದ್ದಳು. ಪಾತ್ರೆಗಳ ಸದ್ದಿನಲ್ಲೇ ಸಿಟ್ಟು ಇನ್ನೂ ಇಳಿದಿಲ್ಲವೆಂದು ತಿಳಿಯುತ್ತಿತ್ತು. ಕುಂಬಳಕಾಯಿ ಹೆಚ್ಚುವ ವಾಸನೆ ಬಂತು. ವ್ಯಾನು ಬರಲು ಕಾಲು ಗಂಟೆಯಿತ್ತು. ಚಿತ್ರಗುಪ್ತ ಹಳದಿ ಫಾರಂ ತೆಗೆದು ಮೇಲೆ 'ತಿದ್ದುಪಡಿ' ಎಂದು ಬರೆದ. ತನ್ನದೇ ಮಾತಿನಲ್ಲಿ ತಿದ್ದುಪಡಿ ಬರೆಯಲು ಕಟ್ಟಳೆಯಲ್ಲಿ ಅವಕಾಶವಿರಲಿಲ್ಲ. ಸತ್ತರೆಂದು ಹೇಳಿದವರೇ ಸತ್ತಿಲ್ಲವೆಂದೂ ಹೇಳಬೇಕು.

"ಮರಿ, ಅಪ್ಪನ ಬಗ್ಗೆ ಇವತ್ತು ಪೇಪರಲ್ಲಿ ತಪ್ಪು ಬಂದಿದೆ. ಸರಿಯಾಗಿ ಏನು ಬರೀಬೇಕು, ಹೇಳು."

ಬುಗುರಿ ಹತ್ತಿರ ಬಂದಳು. ಅಂಟು ಮೆತ್ತಿದ ಎರಡೂ ಕೈಯಿಂದ ಅವನ ಮುಖವನ್ನು ಹಿಡಿದು, ಹಣೆ, ಕಣ್ಣು, ಬಾಯಿ ಎಲ್ಲ ನಿಧಾನವಾಗಿ ನೋಡಿದಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

ಚಿತ್ರಗುಪ್ತ ಬರೆದುಕೊಂಡ. ಎರಡನೇ ವಾಕ್ಯಕ್ಕೆ ಬಂದಾಗ ಪೆನ್ನು ನಿಂತಿತು. ಅದನ್ನು ಬಿಟ್ಟುಬಿಡೋಣವೇ ಎನಿಸಿತು. ಹನ್ನೊಂದು ವರ್ಷದ ಕಟ್ಟಳೆ ನೆನಪಾಯಿತು. ಅಡುಗೆಮನೆಯಿಂದ, "ಈ ಸಲವಾದ್ರೂ ನಾನಿದ್ದೀನಾ?" ಎಂಬ ಕೂಗು ಬಂತು. ಬುಗುರಿ ಮೂರನೇ ವಾಕ್ಯ ಸೇರಿಸಿದಳು. ಚಿತ್ರಗುಪ್ತ ಸಹಿ ಹಾಕಿ, ಈ ಬಾರಿ ಲಕೋಟೆಯನ್ನು ತಾನೇ ಎಂಜಲು ಹಚ್ಚಿ ಮುಚ್ಚಿ, ಬರಿಗಾಲಲ್ಲೇ ಹೋಗಿ ವ್ಯಾನಿಗೆ ಕೊಟ್ಟು ಬಂದ. ಅವನ ಸಹಿ ಇದ್ದದ್ದರಿಂದ ಶೆಡ್ಡಿನಲ್ಲಿ ಯಾರೂ ಅದನ್ನು ಓದಲಿಲ್ಲ. ಮರುದಿನ ಆರನೇ ಪುಟದಲ್ಲಿ, ರೈಲ್ವೆ ಗಾರ್ಡಿನ ಕೆಳಗೆ, ಅದೇ ಫೋಟೊದ ಪಕ್ಕದಲ್ಲಿ ಹೀಗೆ ಅಚ್ಚಾಗಿತ್ತು:

"ನಮ್ಮಪ್ಪ ಸತ್ತಿಲ್ಲ. ಸುಮ್ನೆ ಹಾಗೆ ಕಾಣ್ತಾನೆ. ಅಮ್ಮನೂ ಇದ್ದಾಳೆ."